ಹುಣಸೆಹಣ್ಣು ರೇಜರಿನ ಹತ್ತಿರ ಬರಬಾರದು

ಈ ವಾರ ಶೇವಿಂಗ್ ಬ್ರಷ್ಷಿನ ಕೂದಲಿನ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಕಾಯಲಿ. ಮಹಾನವಮಿ ಹತ್ತಿರ ಬಂದಿದೆ, ನಮ್ಮ ಹಿರೇನಲ್ಲೂರಿನಲ್ಲಿ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತಿವೆ. ಆಯುಧಪೂಜೆಗೆ ಕುಡುಗೋಲು, ಮಚ್ಚು, ಸ್ಪ್ಯಾನರುಗಳ ಸಾಲಿನಲ್ಲಿ ತಾತನ ಸೇಫ್ಟಿ ರೇಜರನ್ನೂ ಇಡುವ ಮನೆಗಳಿವೆ. ಇಡಲೇಬೇಕು. ಆದರೆ ವರ್ಷವಿಡೀ ಯಾರೂ ಮುಟ್ಟದೆ ಚೆನ್ನಾಗಿ ಉಳಿದ ರೇಜರು ಹಾಳಾಗುವುದು ಪೂಜೆಯ ಹಿಂದಿನ ಸಂಜೆ, ಹಿತ್ತಲ ಕಲ್ಲಿನ ಮೇಲೆ, ಹುಣಸೆಹಣ್ಣು ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದಾಗ.

ಹಿತ್ತಾಳೆಯ ಕೊಡಕ್ಕೆ, ದೀಪದ ಕಂಬಕ್ಕೆ ಹುಣಸೆಹಣ್ಣಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದರ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಮೇಲಿನದು ಹೋದರೆ ಕೆಳಗೆ ಮತ್ತೆ ಹಿತ್ತಾಳೆಯೇ ಇರುತ್ತದೆ. ರೇಜರಿನ ಮಾತು ಬೇರೆ. 1938ರ ಜಿಲೆಟ್ ಟೆಕ್ ಆಗಲಿ, 1947ರ ಸೂಪರ್ ಸ್ಪೀಡ್ ಆಗಲಿ, ಒಳಗೆ ಹಿತ್ತಾಳೆ, ಮೇಲೆ ನಿಕಲ್ ಗಿಲೀಟು. ಆ ಗಿಲೀಟು ಕೆಲವೇ ಮೈಕ್ರಾನ್ ದಪ್ಪ. ಚಿನ್ನದ ಗಿಲೀಟಾದರೆ ಅದಕ್ಕಿಂತಲೂ ತೆಳು. ಒಮ್ಮೆ ಸವೆದರೆ ಮನೆಯಲ್ಲಿ ಕೂತು ಅದನ್ನು ಮತ್ತೆ ತರಲಾಗದು. ಗಿಲೀಟು ಹೋದ ಕಡೆ ಹುಳಿ ತಾಗಿ ನಿಂತರೆ ಹಿತ್ತಾಳೆಯೊಳಗಿನ ಸತು ಮೊದಲು ಕರಗಿ, ತಾಮ್ರದ ಕೆಂಪು ಕಲೆ ಉಳಿಯುತ್ತದೆ. ನಿಂಬೆಹಣ್ಣು, ವಿನೆಗರ್ ಎಲ್ಲಕ್ಕೂ ಇದೇ ಮಾತು. ರೇಜರು ಕೈಗೆ ತೀರಾ ಹಗುರವೆನಿಸಿದರೆ ಅದು ಅಲ್ಯೂಮಿನಿಯಂ ಇರಬಹುದು. ಅಲ್ಯೂಮಿನಿಯಮ್ಮನ್ನು ಕ್ಷಾರವೂ ತಿನ್ನುತ್ತದೆ. ಒಲೆಯ ಬೂದಿ, ವಾಷಿಂಗ್ ಸೋಡಾ ಅದಕ್ಕೆ ಸೋಕಬಾರದು.

ಹಳೆಯ ರೇಜರನ್ನು ಕನ್ನಡಿಯಂತೆ ಹೊಳೆಸದಿದ್ದರೆ ಸಮಾಧಾನವಿಲ್ಲದವರ ಒಂದು ಪಂಥವಿದೆ. ಅವರ ಜೊತೆ ನನ್ನ ಜಗಳ ಹಳೆಯದು, ಈ ವಾರವೂ ಬಿಡುವುದಿಲ್ಲ. ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಿ ಉಜ್ಜಿ, ಹಿಡಿಯ ಮೇಲಿನ ಹಿಡಿತದ ಗೀರುಗಳನ್ನೇ ಮಟ್ಟ ಮಾಡುತ್ತಾರೆ. ತಲೆಯ ಕೆಳಭಾಗದಲ್ಲಿ ತಯಾರಿಕೆಯ ಕಾಲ ತಿಳಿಸುವ ಅಕ್ಷರ, ಅಂಕಿ ಇದ್ದರೆ ಅದನ್ನೂ ಮಸುಕು ಮಾಡುತ್ತಾರೆ. ಈ ಪಾಲಿಶ್‌ಗಳಲ್ಲಿ ಉಜ್ಜುಪುಡಿ ಇರುತ್ತದೆ, ಹಲವು ಪಾಲಿಶ್‌ಗಳಲ್ಲಿ ಅಮೋನಿಯಾ ಕೂಡ ಇರುತ್ತದೆ.

ಅಮೋನಿಯಾ ಎಂದಾಗ ಒಂದು ಸಂಗತಿಯನ್ನು ಹೇಳಲೇಬೇಕು. ಬ್ರಿಟಿಷರ ಕಾಲದಲ್ಲಿ ಇಂಡಿಯಾದ ಸೈನ್ಯದಲ್ಲಿ ಮಳೆಗಾಲ ಕಳೆಯುವವರೆಗೆ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ತೋಟಾಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಹೊಡೆತವಿಲ್ಲ, ತುಕ್ಕಿಲ್ಲ, ಆದರೂ ಬಿರುಕು. ಋತುವಿಗೆ ಸರಿಯಾಗಿ ಬರುವುದರಿಂದ ಅದನ್ನು ಋತುವಿನ ಬಿರುಕು ಎಂದೇ ಕರೆದರು. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ಕಾರಣ ವಿವರಿಸಿದರು. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ತೋಟಾ ತಯಾರಿಸುವಾಗ ಲೋಹವನ್ನು ಎಳೆದು ಬಗ್ಗಿಸಿದ್ದರಿಂದ ಒಳಗೆ ಉಳಿದ ಬಿಗುವು, ಈ ಮೂರೂ ಕೂಡಿದಾಗ ಹಿತ್ತಾಳೆ ಸೀಳುತ್ತದೆ.

ರೇಜರಿನ ಹಿಡಿಗಳಲ್ಲೂ ಬಹಳಷ್ಟು ಇಂಥದೇ ಹಿತ್ತಾಳೆಯ ತೆಳು ಕೊಳವೆ. ಹಳೆಯ ಜಿಲೆಟ್‌ಗಳ ಹಿಡಿಯಲ್ಲಿ ಉದ್ದಕ್ಕೆ ಕೂದಲೆಳೆಯ ಬಿರುಕು ಆಗಾಗ ಕಾಣುತ್ತದೆ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಕೊಟ್ಟಿಗೆ ಮನೆಯೊಳಗೇ ಇರುತ್ತದೆ, ಅದರ ಮೇಲೆಯೇ ಅಟ್ಟ. ದನದ ಗಂಜಲದಿಂದಲೂ ಏಳುವುದು ಅದೇ ಅಮೋನಿಯಾ. ಹಾಗಾಗಿ ಪೂಜೆ ಮುಗಿದ ಮೇಲೆ ರೇಜರು ಮತ್ತೆ ಆ ಅಟ್ಟಕ್ಕೆ ಹೋಗುವುದು ಬೇಡ. ಗಾಳಿಯಾಡುವ ಒಣ ಗೂಡಿನಲ್ಲಿರಲಿ. ಗಾಜು ಒರೆಸುವ ನೀಲಿ ದ್ರಾವಣಗಳನ್ನೂ ಹತ್ತಿರ ತರಬೇಡಿ, ಅವುಗಳಲ್ಲೂ ಅಮೋನಿಯಾ ಇರುವುದುಂಟು.

ಇನ್ನು ತೊಳೆಯುವ ಕ್ರಮ. ಮೊದಲು ಬ್ಲೇಡು. ಎಷ್ಟೋ ವರ್ಷ ಒಳಗೇ ಕೂತ ಬ್ಲೇಡು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಎಳೆಯಬೇಡಿ. ಹಿಡಿಯ ತಿರುಪು ಬಿಚ್ಚಿಕೊಳ್ಳದಿದ್ದರೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಇಕ್ಕಳ ಹಾಕಿ ತಿರುಚಬಾರದು. ಬಿಚ್ಚಿದ ಮೇಲೆ ಬ್ಲೇಡಿನ ಚಿಕ್ಕ ಅಂಚುಗಳನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಎತ್ತಿ. ಅದನ್ನು ತಿಪ್ಪೆಗೆ ಎಸೆಯಬೇಡಿ, ಅಲ್ಲಿ ದನ ಬಾಯಿ ಹಾಕುತ್ತದೆ, ಗೊಬ್ಬರ ಎತ್ತುವವರು ಬರಿಗೈ ಹಾಕುತ್ತಾರೆ. ಮುಚ್ಚಳಕ್ಕೆ ಸೀಳು ಕೊರೆದ ತಗಡಿನ ಡಬ್ಬಿಯೊಂದನ್ನು ಇದಕ್ಕೇ ಮೀಸಲಿಡಿ.

ಆಮೇಲೆ ಕೈ ತಾಳುವಷ್ಟು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ, ಅರ್ಧ ಗಂಟೆ ನೆನೆಸಿ. ಮೆತ್ತನೆಯ ಹಳೆ ಹಲ್ಲುಜ್ಜುವ ಬ್ರಷ್ಷು, ಸಂದಿಗೆ ಹಂಚಿಕಡ್ಡಿ. ನೀವು ಕಿಲುಬೆಂದು ಭಾವಿಸಿದ ಬಿಳಿ ಪದರದ ಬಹುಪಾಲು ಕಿಲುಬಲ್ಲ. ನಮ್ಮ ಕಡೂರು ಸೀಮೆಯ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಕಟ್ಟಿದ ಜಿಡ್ಡು ಅದು. ತಾಳ್ಮೆಯಿಂದ ಎರಡು ಸಲ ನೆನೆಸಿದರೆ ಬಿಡುತ್ತದೆ. ಕೊನೆಯ ಸಲ ಜಾಲಿಸಲು ಬೋರ್‌ವೆಲ್ ನೀರು ಬೇಡ, ಶುದ್ಧ ನೀರಿನ ಘಟಕದ ಕ್ಯಾನಿನಿಂದ ಒಂದು ಲೋಟ ಸಾಕು.

ಬೇರೆಯವರು ಬಳಸಿದ ರೇಜರಾದರೆ, ತೊಳೆದು ಒರೆಸಿದ ಮೇಲೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಲೋಹದ ಭಾಗಗಳನ್ನು ಒರೆಸಿ ಆರಲು ಬಿಡಿ. ಕೊಳೆಯ ಮೇಲೆ ಸ್ಪಿರಿಟ್ ಸುರಿದರೆ ಪ್ರಯೋಜನವಿಲ್ಲ, ಮೊದಲು ಕೊಳೆ ಹೋಗಬೇಕು. ಬಣ್ಣ ಬಳಿದ ಹಿಡಿಗೆ, ಪ್ಲಾಸ್ಟಿಕ್ ಡಬ್ಬಿಗೆ ಸ್ಪಿರಿಟ್ ತಾಗಿಸಬೇಡಿ. ಬ್ಲೀಚ್ ಬೇಡವೇ ಬೇಡ.

ಹಿಡಿ ತಿರುಗಿಸಿದರೆ ಬಾಗಿಲು ತೆರೆಯುವ ರೇಜರಿನ ಕೀಲಿಗೆ ಎಣ್ಣೆ ಬೇಕು. ನಮ್ಮದು ತೆಂಗಿನ ಸೀಮೆ, ಕೈಗೆ ಸಿಗುವುದು ಕೊಬ್ಬರಿ ಎಣ್ಣೆಯೇ. ಆದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಪುಷ್ಯದ ಬೆಳಗಿನಲ್ಲಿ ಬಾಗಿಲು ಅಲುಗುವುದಿಲ್ಲ. ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ ಸಾಕು.

ಇಷ್ಟೆಲ್ಲ ಯಾಕೆ, ಹೊಸದು ಕೊಳ್ಳಬಾರದೇ ಎನ್ನುವವರಿಗೆ ಒಂದು ಉತ್ತರ. ಜಿಲೆಟ್ ಕಂಪನಿಯೇ 1971ರಲ್ಲಿ ಎರಡು ಅಲಗು ಕೂಡಿಸಿತು, 1998ರಲ್ಲಿ ಮೂರು, 2006ರಲ್ಲಿ ಐದು. ಆ ಅಲಗುಗಳ ನಡುವೆ ಸಿಕ್ಕ ಕೂದಲು, ಸೋಪು ತೆಗೆಯಲು ಬಿಚ್ಚುವ ದಾರಿಯನ್ನೇ ಇಟ್ಟಿಲ್ಲ. ಮೂರು ತುಂಡಾಗಿ ಬಿಚ್ಚಿಕೊಳ್ಳುವ ಟೆಕ್‌ನಲ್ಲಿ ನೀರು ಮುಟ್ಟದ ಮೂಲೆಯಿಲ್ಲ. ಪೂರ್ತಿ ತೊಳೆಯಲು ಬರುವ ಸಾಧನವೇ ಹೆಚ್ಚು ಕಾಲ ಬಾಳುತ್ತದೆ.

ಕೊಳೆ ಹೋದಲ್ಲಿಗೆ ನಿಲ್ಲಿಸಿ. ಮಂಕು ಉಳಿದರೆ ಉಳಿಯಲಿ, ಅದರಿಂದ ಕ್ಷೌರಕ್ಕೆ ಯಾವ ಅಡ್ಡಿಯೂ ಇಲ್ಲ. ನವಮಿಯಂದು ಅರಿಶಿನ ಕುಂಕುಮ ಹಚ್ಚಿ ಪೂಜೆಗಿಡಿ, ನಿಂಬೆಹಣ್ಣನ್ನು ಮಾತ್ರ ಅದರ ಮೇಲೆ ಹಿಂಡಬೇಡಿ. ದಶಮಿಯ ಬೆಳಿಗ್ಗೆ ಚೆನ್ನಾಗಿ ಒರೆಸಿ, ಹೊಸ ಬ್ಲೇಡು ಹಾಕಿ, ಬಳಸಲು ಶುರು ಮಾಡಿ.