ಹಿಡಿ ಮರಳು, ಹರಿಯುವ ಹೊಳೆ

ಮಂತ್ರ ಕಲಿಯುವ ಹುಡುಗರ ಕಥೆಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಹಳೆಯ ಕಲ್ಲುಕಟ್ಟಡ, ಉದ್ದನೆಯ ಗ್ರಂಥಾಲಯ, ಮೇಣದಬತ್ತಿಯ ಬೆಳಕು, ಒಬ್ಬರನ್ನೊಬ್ಬರು ಹಿಂದೆ ಹಾಕಲು ಹವಣಿಸುವ ಇಬ್ಬರು ಜಾಣ ವಿದ್ಯಾರ್ಥಿಗಳು, ನಡುವೆ ಒಂದು ಸಾವು. ಇಷ್ಟಿದ್ದರೆ ಕಾದಂಬರಿ ಸಿದ್ಧವಾಯಿತೆಂದೇ ಲೆಕ್ಕ. 1997ರಲ್ಲಿ ಹ್ಯಾರಿ ಪಾಟರ್ ಬಂದ ಮೇಲೆ ಈ ಬಗೆಯ ಪುಸ್ತಕಗಳು ತುಂಗಭದ್ರೆಯ ದಂಡೆಯ ನಮ್ಮ ಕುಮಾರಪಟ್ಟಣದ ಮಕ್ಕಳ ಕೈಗೂ ಬಂದಿವೆ. ಬರಲಿ, ಓದಲಿ. ಆದರೆ ಅವರು ಪುಸ್ತಕ ಮಡಚಿಟ್ಟು, ‘ನಮ್ಮಲ್ಲಿ ಇಂಥದ್ದು ಯಾಕಿಲ್ರೀ?’ ಎಂದು ಕೇಳಿದಾಗ ಮಾತ್ರ ಸುಮ್ಮನಿರಲಾಗುವುದಿಲ್ಲ. ನಮ್ಮಲ್ಲಿ ಇದೆ. ಅದೂ ದೂರದಲ್ಲಿಲ್ಲ, ಧಾರವಾಡದ ಮನೋಹರ ಗ್ರಂಥಮಾಲೆಯ ಕಪಾಟಿನಲ್ಲೇ ಇದೆ. ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ ಕಾದಂಬರಿಯಲ್ಲ, ನಾಟಕ. ಆದರೆ ವಿದ್ಯೆಯ ಮನೆಯೊಳಗಿನ ಕತ್ತಲನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕೃತಿ ನನಗೆ ಕನ್ನಡದಲ್ಲಿ ಕಂಡಿಲ್ಲ.

ಕಥೆಯ ಮೂಲ ಮಹಾಭಾರತದ ವನಪರ್ವ. ಭರದ್ವಾಜ, ರೈಭ್ಯ ಇಬ್ಬರೂ ಗೆಳೆಯರು. ರೈಭ್ಯನೂ ಅವನ ಇಬ್ಬರು ಮಕ್ಕಳೂ ದೊಡ್ಡ ವಿದ್ವಾಂಸರು, ಅವರಿಗೆ ಎಲ್ಲೆಡೆ ಮನ್ನಣೆ. ತಪಸ್ವಿಯಾದ ಭರದ್ವಾಜನನ್ನು ಕೇಳುವವರಿಲ್ಲ. ಅವನ ಮಗ ಯವಕ್ರಿಗೆ ಇದು ಎದೆಯಲ್ಲಿ ಮುಳ್ಳಾಗುತ್ತದೆ. ಗುರುವಿನ ಬಳಿ ವರ್ಷಗಟ್ಟಲೆ ಕೂತು ಕಲಿಯುವಷ್ಟು ವ್ಯವಧಾನ ಅವನಿಗಿಲ್ಲ. ವೇದಗಳೆಲ್ಲ ನೇರವಾಗಿ ಇಂದ್ರನಿಂದಲೇ ಬರಬೇಕೆಂದು ಉಗ್ರ ತಪಸ್ಸಿಗೆ ಕೂಡುತ್ತಾನೆ. ಆಗ ಇಂದ್ರ ಮುದುಕನ ವೇಷದಲ್ಲಿ ಬಂದು, ಅವನೆದುರಿಗೇ ಗಂಗೆಯ ಪ್ರವಾಹಕ್ಕೆ ಹಿಡಿ ಹಿಡಿ ಮರಳು ಸುರಿಯುತ್ತ ಸೇತುವೆ ಕಟ್ಟಲು ನಿಲ್ಲುತ್ತಾನೆ. ಯವಕ್ರಿ ನಗುತ್ತಾನೆ. ನೀನು ಮಾಡುತ್ತಿರುವುದೂ ಇದೇ ಅಲ್ಲವೆ ಎಂದು ಮುದುಕ ಹೇಳಿದರೂ ಹುಡುಗ ಹಟ ಬಿಡುವುದಿಲ್ಲ. ಕೊನೆಗೆ ವರ ಸಿಗುತ್ತದೆ. ಸಿಕ್ಕ ವಿದ್ಯೆಯಿಂದ ಅವನು ಮೊದಲು ಮಾಡುವ ಕೆಲಸ ಪರಾವಸುವಿನ ಹೆಂಡತಿಯ ಮೇಲೆ ಕೈಮಾಡುವುದು. ರೈಭ್ಯ ಸಿಟ್ಟಿನಿಂದ ತನ್ನ ಜಟೆಯ ಕೂದಲು ಕಿತ್ತು ಬೆಂಕಿಗೆ ಹಾಕಿ ರಾಕ್ಷಸನನ್ನು ಹುಟ್ಟಿಸುತ್ತಾನೆ. ಯವಕ್ರಿ ಸಾಯುತ್ತಾನೆ. ಅಲ್ಲಿಗೆ ನಿಲ್ಲದೆ ರೈಭ್ಯನೂ ತನ್ನ ಮಗ ಪರಾವಸುವಿನ ಕೈಯಿಂದಲೇ ಸಾಯುತ್ತಾನೆ.

ಮರಳಿನ ಸೇತುವೆಯ ಈ ಚಿತ್ರ ಹೊಳೆದಂಡೆಯ ಊರಿನವರಿಗೆ ಬೇಗ ತಿಳಿಯುತ್ತದೆ. ನಮ್ಮ ಹೊಳೆಯ ಮರಳನ್ನು ಹಿಡಿಗಟ್ಟಲೆ ಅಲ್ಲ, ಲಾರಿಗಟ್ಟಲೆ ಎತ್ತಿದ್ದನ್ನು ಕಂಡಿದ್ದೇವೆ. ಇಂದ್ರ ಇಲ್ಲಿಗೆ ಬಂದಿದ್ದರೆ ಪಾಠ ಹೇಳಲು ಮರಳನ್ನೇ ಹುಡುಕಬೇಕಾಗುತ್ತಿತ್ತೇನೋ.

ಕಾರ್ನಾಡರು ಅಮೆರಿಕದ ಮಿನಿಯಾಪೊಲಿಸ್ ನಗರದ ಗುತ್ರಿ ಥಿಯೇಟರಿನ ಕೋರಿಕೆಯ ಮೇಲೆ 1990ರ ದಶಕದಲ್ಲಿ ಈ ನಾಟಕ ಬರೆದರು; ಅವರದೇ ಇಂಗ್ಲಿಷ್ ರೂಪ 1998ರಲ್ಲಿ ಪುಸ್ತಕವಾಯಿತು. ಮೂಲಕ್ಕೆ ಅವರು ಸೇರಿಸಿದ್ದರಲ್ಲಿ ಮೂರು ಮುಖ್ಯ. ಮೊದಲನೆಯದು ಬರಗಾಲ. ವರ್ಷಗಟ್ಟಲೆ ಮಳೆಯಿಲ್ಲ, ಮಳೆಗಾಗಿ ಏಳು ವರ್ಷದ ಯಜ್ಞ ನಡೆದಿದೆ, ಪರಾವಸು ಅದರ ಮುಖ್ಯ ಪುರೋಹಿತ. ಎರಡನೆಯದು, ಪರಾವಸುವಿನ ಹೆಂಡತಿಗೆ ವಿಶಾಖಾ ಎಂಬ ಹೆಸರು, ಒಂದು ಮನಸ್ಸು, ಯವಕ್ರಿಯ ಜೊತೆ ಒಂದು ಹಳೆಯ ಪ್ರೀತಿ. ಮೂರನೆಯದು ನಿತ್ತಿಲೆ. ತಮ್ಮ ಅರವಸು ಪ್ರೀತಿಸುವ ಬೇಡರ ಹುಡುಗಿ.

ಈ ನಿತ್ತಿಲೆಯೇ ನಾಟಕದ ಅತಿ ಸರಳ ಪ್ರಶ್ನೆಯನ್ನು ಕೇಳುವವಳು. ಇಷ್ಟು ವರ್ಷ ತಪಸ್ಸು ಮಾಡಿ ದೇವರನ್ನು ಕಂಡ ಯವಕ್ರಿ ಒಂದೆರಡು ಹದ ಮಳೆಯನ್ನು ಯಾಕೆ ಬೇಡಲಿಲ್ಲ? ಸುತ್ತಲಿನ ಮಕ್ಕಳು ಹಸಿವಿನಿಂದ ಸಾಯುತ್ತಿರುವಾಗ ಈ ವಿದ್ಯೆ ಯಾರಿಗಾಗಿ? ವೇದ ಓದದ ಹುಡುಗಿಯ ಈ ಮಾತಿಗೆ ನಾಟಕದ ಯಾವ ಪಂಡಿತನಲ್ಲೂ ಉತ್ತರವಿಲ್ಲ. ಅವರಿಗೆ ವಿದ್ಯೆ ಬೇಕಾಗಿರುವುದು ಮಳೆಗಲ್ಲ, ಇನ್ನೊಬ್ಬನ ಮುಖ ಸಣ್ಣದು ಮಾಡಲಿಕ್ಕೆ. ವಿಶಾಖಾಳ ಪ್ರೀತಿಯನ್ನು ಸಹ ಯವಕ್ರಿ ದಾಳವಾಗಿಯೇ ಉರುಳಿಸುತ್ತಾನೆ. ಅದು ತಿಳಿದ ಗಳಿಗೆಯಲ್ಲಿ ಅವಳು ಅವನ ಕಮಂಡಲುವಿನ ಮಂತ್ರಜಲವನ್ನು ನೆಲಕ್ಕೆ ಚೆಲ್ಲುವ ದೃಶ್ಯ ಇಡೀ ನಾಟಕದಲ್ಲಿ ಅತ್ಯಂತ ಗಟ್ಟಿಯಾದದ್ದು. ಬರಗಾಲದ ನಾಡಿನಲ್ಲಿ ಅದೊಂದೇ ನೀರು. ಅದೂ ಒಬ್ಬನ ಜೀವ ಉಳಿಸುವುದಕ್ಕೆ ಮಾತ್ರ ಬಚ್ಚಿಟ್ಟದ್ದು.

ಇದು ಪುರಾಣದ ಮಾತಾಯಿತು, ನಮಗೇನು ಎನ್ನುವವರಿಗೆ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಕಾರ್ಖಾನೆಯಲ್ಲಿ ಒಂದೇ ಪಾಳಿಯಲ್ಲಿ ದುಡಿಯುವ ಇಬ್ಬರು ಗೆಳೆಯರ ಮಕ್ಕಳು. ಇಬ್ಬರೂ ಪಿಯುಸಿ ವಿಜ್ಞಾನ. ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಒಳ್ಳೆಯ ಭೌತಶಾಸ್ತ್ರದ ಪುಸ್ತಕ ಒಂದೇ ಪ್ರತಿ ಇತ್ತು. ಪರೀಕ್ಷೆ ಹತ್ತಿರ ಬಂದಂತೆ ಅದು ಕಾಣೆಯಾಯಿತು. ಯಾರೂ ಕದ್ದಿರಲಿಲ್ಲ. ಇಬ್ಬರಲ್ಲಿ ಒಬ್ಬ ಅದನ್ನು ತನ್ನ ಓದು ಮುಗಿದ ಮೇಲೆ ಧಾರ್ಮಿಕ ಪುಸ್ತಕಗಳ ಕಪಾಟಿನ ಹಿಂಬದಿಗೆ ಸೇರಿಸಿದ್ದ, ಅಷ್ಟೆ. ಫಲಿತಾಂಶ ಬಂದಾಗ ಅವನಿಗೆ ಗೆಳೆಯನಿಗಿಂತ ನಾಲ್ಕು ಅಂಕ ಹೆಚ್ಚು. ಈಗ ಆ ಎರಡು ಮನೆಗಳ ನಡುವೆ ಮಾತಿಲ್ಲ. ಜಟೆ ಕಿತ್ತು ಬೆಂಕಿಗೆ ಹಾಕುವುದೆಂದರೆ ಇದೇ ಎಂದು ನನಗೆ ಅನ್ನಿಸಿತು. ರಾಕ್ಷಸ ಹುಟ್ಟುವುದಕ್ಕೆ ಮಂತ್ರವೇ ಬೇಕೆಂದಿಲ್ಲ.

ಹಾಗೆಂದು ನಾಟಕ ಎಲ್ಲ ಕಡೆ ಒಪ್ಪಿಗೆಯಾಗುತ್ತದೆ ಎನ್ನಲಾರೆ. ವಿಶಾಖಾಳಂಥ ಪಾತ್ರವನ್ನು ಕಟ್ಟಿ, ಕೊನೆಯ ಭಾಗದಲ್ಲಿ ಅವಳನ್ನು ಮರೆತುಬಿಟ್ಟಂತೆ ಕಾಣುತ್ತದೆ. ಅದಕ್ಕಿಂತ ದೊಡ್ಡ ತಕರಾರು ಅರವಸುವಿನದು. ಕಾರ್ನಾಡರ ಅರವಸು ಓದಿನಿಂದ ದೂರ ಸರಿದ ನಟ. ಕೊನೆಯಲ್ಲಿ ಇಂದ್ರ ವರ ಕೊಡಲು ಬಂದಾಗ ಸತ್ತ ನಿತ್ತಿಲೆಯನ್ನು ಕೇಳಬೇಕೋ, ಮುಕ್ತಿಗಾಗಿ ಗೋಗರೆಯುವ ಬ್ರಹ್ಮರಾಕ್ಷಸನ ಬಿಡುಗಡೆಯನ್ನು ಕೇಳಬೇಕೋ ಎಂಬ ಸಂಕಟದಲ್ಲಿ ಅವನು ಎರಡನೆಯದನ್ನು ಆರಿಸುತ್ತಾನೆ. ಮಳೆ ಬರುತ್ತದೆ. ಕೆಟ್ಟ ವಿದ್ಯೆಯ ಪ್ರೇತವನ್ನು ಬಿಡಿಸುವುದಕ್ಕೆ ಕರುಣೆಯೇ ಬೇಕಾಯಿತು ಎಂಬ ಅರ್ಥ ದೊಡ್ಡದು. ಆದರೆ ಮಹಾಭಾರತದ ಅರ್ವಾವಸು ಸ್ವತಃ ವಿದ್ವಾಂಸ! ಅಣ್ಣನ ಪಾಪಕ್ಕೆ ತಾನು ಪ್ರಾಯಶ್ಚಿತ್ತ ಮಾಡಿ, ಅಣ್ಣನಿಂದಲೇ ಕೊಲೆಗಾರನೆನಿಸಿಕೊಂಡು, ಆಮೇಲೂ ದೇವತೆಗಳಲ್ಲಿ ಸತ್ತವರೆಲ್ಲ ಏಳಲಿ, ಅಣ್ಣ ನಿರ್ದೋಷಿಯಾಗಲಿ, ತಂದೆಗೆ ತನ್ನ ಕೊಲೆಯ ನೆನಪೇ ಬಾರದಿರಲಿ ಎಂದು ಬೇಡುವವನು. ಅಂದರೆ ಹಳೆಯ ಕಥೆಯಲ್ಲಿ ಓದಿದವನೊಬ್ಬ ಒಳ್ಳೆಯವನಾಗಿ ಉಳಿಯುತ್ತಾನೆ. ಕಾರ್ನಾಡರು ಪಂಡಿತರನ್ನೆಲ್ಲ ಬೆಂಕಿಗೆ ಕಳಿಸಿ, ಒಳ್ಳೆಯತನವನ್ನು ರಂಗದ ಮೇಲಿನವನಿಗೆ ಕೊಟ್ಟರು. ರಂಗಕರ್ಮಿಯೊಬ್ಬರಿಗೆ ಇದು ಸಹಜ. ತರಗತಿಯಲ್ಲಿ ಕೂತಿರುವ ಹುಡುಗರಿಗೆ ಮಾತ್ರ ಇದರಿಂದ ದಾರಿ ಸಿಗುವುದಿಲ್ಲ. ಅವರು ವಿದ್ಯೆ ಬಿಟ್ಟು ಎಲ್ಲಿಗೆ ಹೋಗಬೇಕು?

ಇಲ್ಲಿ ಅಮೆರಿಕದ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ನೆನಪಾಗುತ್ತದೆ. ಗೆಡ್ ಎಂಬ ಹುಡುಗ ಮಂತ್ರದ ಶಾಲೆಯಲ್ಲಿ ಜಾಸ್ಪರ್ ಎಂಬ ಸಹಪಾಠಿಯನ್ನು ಸೋಲಿಸುವ ಹಟಕ್ಕೆ ಬಿದ್ದು ಸತ್ತವಳೊಬ್ಬಳನ್ನು ಕರೆಯುತ್ತಾನೆ. ಅವಳ ಜೊತೆಗೆ ಒಂದು ಕರಿ ನೆರಳೂ ಲೋಕದೊಳಕ್ಕೆ ನುಗ್ಗುತ್ತದೆ. ಅವನು ವಿದ್ಯೆಯನ್ನು ಬಿಡುವುದಿಲ್ಲ. ಕಲಿತದ್ದನ್ನೇ ಹಿಡಿದು ನೆರಳಿನ ಬೆನ್ನು ಹತ್ತಿ, ಕೊನೆಗೆ ಅದನ್ನು ತನ್ನದೇ ಹೆಸರಿನಿಂದ ಕರೆಯುತ್ತಾನೆ. ಈ ಮಾತಿನಲ್ಲಿ ವ್ಯಾಸರಿಗೂ ಆ ಹೆಣ್ಣುಮಗಳಿಗೂ ಹತ್ತಿರದ ನಂಟು.

ನಮ್ಮ ಹಾವೇರಿ ಸೀಮೆಯವರಿಗೆ ಇದು ಹೊಸ ಮಾತೇನಲ್ಲ. ಎಲ್ಲರಿಂದ ಒಂದೊಂದು ನುಡಿ ಕಲಿತು ದೊಡ್ಡವನಾದೆ ಎಂದ ಸರ್ವಜ್ಞ ಹಿರೇಕೆರೂರು ಕಡೆಯವನು. ಗೋವಿಂದ ಭಟ್ಟರ ಶಿಷ್ಯನಾದ ಷರೀಫರು ಶಿಗ್ಗಾಂವಿಯ ಶಿಶುನಾಳದವರು. ಯವಕ್ರಿ ಎಲ್ಲವನ್ನೂ ಒಬ್ಬ ಇಂದ್ರನಿಂದ, ಒಂದೇ ಸಲಕ್ಕೆ ಬೇಡಿದ. ಇವರು ಬೀದಿಯ ಎಲ್ಲರಿಂದ, ಬದುಕಿಡೀ ಬೇಡಿದರು. ಮಂತ್ರದ ಶಾಲೆಯ ಪುಸ್ತಕಗಳನ್ನು ಓದುವ ಮಕ್ಕಳ ಕೈಗೆ ‘ಅಗ್ನಿ ಮತ್ತು ಮಳೆ’ಯನ್ನೂ ಕೊಡಿ. ಓದಿ ಮುಗಿಸಿದ ಮೇಲೆ, ಈ ಜಗಳದಲ್ಲಿ ಯಾರು ಗೆದ್ದರು ಎಂದು ಕೇಳಬೇಡಿ. ನಿತ್ತಿಲೆಯ ಪ್ರಶ್ನೆಯನ್ನೇ ಕೇಳಿ: ನಿನಗೆ ವರ ಸಿಕ್ಕಿದ್ದರೆ ಏನು ಬೇಡುತ್ತಿದ್ದೆ?