ತೂಕದ ಯಂತ್ರ ಯಾರ ಕೈಯಲ್ಲಿರಬೇಕು?

ಹದಿಹರೆಯದ ಕ್ರೀಡಾಪಟು ಊಟ ಬಿಟ್ಟು ಸೊರಗತೊಡಗಿದರೆ ದೋಷವನ್ನು ಅವಳ ಸ್ವಭಾವದಲ್ಲೇ ಹುಡುಕುವುದು ರೂಢಿ. ಹಟ ಹೆಚ್ಚು, ಎಲ್ಲದರಲ್ಲೂ ಅತಿ ಅನ್ನುತ್ತಾರೆ. ಅಮೆರಿಕದ ಓಟಗಾರ್ತಿ ಮೇರಿ ಕೇನ್ ಪ್ರಕರಣ ಈ ರೂಢಿಯನ್ನೇ ಅಲುಗಾಡಿಸುತ್ತದೆ. 2013ರಲ್ಲಿ, 17ರ ಹರೆಯದಲ್ಲಿ, ಅವಳು ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ಓಡಿದಳು. ಅದೇ ವರ್ಷ ನೈಕಿಯ ಓಟಗಾರರ ತಂಡವಾದ ಒರೆಗಾನ್ ಪ್ರಾಜೆಕ್ಟ್ ಸೇರಿದಳು. ಅಲ್ಲಿ ಜೊತೆಗಾರರೆದುರೇ ತನ್ನ ತೂಕ ನೋಡುತ್ತಿದ್ದರು, ಇಳಿಯದಿದ್ದರೆ ಅವಮಾನಿಸುತ್ತಿದ್ದರು ಎಂದು 2019ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವಿಡಿಯೊದಲ್ಲಿ ಬಾಯಿಬಿಟ್ಟಳು. ಮೂರು ವರ್ಷ ಮುಟ್ಟಾಗಲಿಲ್ಲ, ಐದು ಮೂಳೆಗಳು ಮುರಿದವು, ಸಾಯುವ ಯೋಚನೆಯೂ ಬಂತು. ಕೋಚ್ ಆಲ್ಬರ್ಟೊ ಸಲಾಜಾರ್ ಆರೋಪವನ್ನು ಒಪ್ಪಲಿಲ್ಲ; ಆದರೆ ಅದೇ ತಂಡದಲ್ಲಿ ಓಡಿದ್ದ ಕೆಲವರು ಅವಳ ಮಾತಿಗೆ ದನಿಗೂಡಿಸಿದರು.

ಹಗುರವಾದ ಮೈ ವೇಗವಾಗಿ ಓಡುತ್ತದೆ, ಕೋಚ್ ತೂಕ ನೋಡದೆ ಇನ್ನೇನು ಮಾಡಬೇಕು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಮೇರಿಯ ಮೂಳೆಗಳೇ ಹೇಳುತ್ತವೆ. ತಿಂದದ್ದು ಬೆವರಿಗೆ ಸಾಲದಾದಾಗ ದೇಹ ಮುಟ್ಟನ್ನು ನಿಲ್ಲಿಸಬಹುದು. ಈಸ್ಟ್ರೋಜೆನ್ ಕುಸಿಯುತ್ತದೆ, ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಶಕ್ತಿಯ ಕೊರತೆಯನ್ನು 2014ರಲ್ಲೇ ಒಂದು ವೈದ್ಯಕೀಯ ಸ್ಥಿತಿಯೆಂದು ಗುರುತಿಸಿತು. ತೂಕದ ಯಂತ್ರಕ್ಕೆ ಇದಾವುದೂ ಕಾಣುವುದಿಲ್ಲ. ಕರಗಿದ್ದು ಕೊಬ್ಬೋ, ಸ್ನಾಯುವೋ, ನೀರೋ ಅದಕ್ಕೆ ಗೊತ್ತಿಲ್ಲ. ಅದು ತೋರಿಸುವುದು ಒಂದೇ ಅಂಕಿ. ಆ ಅಂಕಿಗೆ ಮೆಚ್ಚುಗೆ ಸಿಗುವುದು ಕಂಡ ಹುಡುಗಿ ಹಸಿವನ್ನೇ ಅಭ್ಯಾಸ ಮಾಡುತ್ತಾಳೆ.

ಇದು ಒಬ್ಬ ಕೋಚ್‌ನ ಒರಟುತನವಷ್ಟೇ, ಪದ್ಧತಿಯ ತಪ್ಪಲ್ಲ ಎಂದೂ ಹೇಳಬಹುದು. ಬ್ರಿಟನ್ನಿನ ಜಿಮ್ನಾಸ್ಟಿಕ್ಸ್ ಕುರಿತು 2022ರಲ್ಲಿ ಬಂದ ವೈಟ್ ವರದಿ ಓದಿದ ಮೇಲೆ ಈ ಮಾತು ನಿಲ್ಲುವುದಿಲ್ಲ. ಬೇರೆ ದೇಶ, ಬೇರೆ ಆಟ, ಬೇರೆ ಕೋಚ್‌ಗಳು. ಆದರೂ ಅತಿಯಾಗಿ ತೂಕ ನೋಡುವ ಅದೇ ಚಟ. ತಿಂಡಿ ಇದೆಯೇ ಎಂದು ಮಕ್ಕಳ ಚೀಲ, ಕೋಣೆ ತಡಕುತ್ತಿದ್ದರು. ಮಕ್ಕಳು ತಿನಿಸನ್ನು ಚಾವಣಿಯ ಹಲಗೆಯ ಹಿಂದೆ ಬಚ್ಚಿಡುತ್ತಿದ್ದರು. ತಿನ್ನುವುದನ್ನೇ ಕಳ್ಳತನವಾಗಿಸಿದ ಮೇಲೆ ಕಾಯಿಲೆಗೆ ಮಗುವಿನ ಮನಸ್ಸನ್ನು ದೂರುವುದು ಅನ್ಯಾಯ. 2023ರಲ್ಲಿ ಆ ಆಟದ ಆಡಳಿತ ಸಂಸ್ಥೆ ಬ್ರಿಟಿಷ್ ಜಿಮ್ನಾಸ್ಟಿಕ್ಸ್, ತೂಕ ನೋಡುವ ಅಧಿಕಾರವನ್ನು ಕೋಚ್‌ಗಳಿಂದ ಕಿತ್ತು ವೈದ್ಯರಿಗೆ, ಕ್ರೀಡಾವಿಜ್ಞಾನದ ತಜ್ಞರಿಗೆ ಒಪ್ಪಿಸಿತು. ಮಗುವಿನ ಒಪ್ಪಿಗೆಯೂ ಬೇಕು. ದಿನವೂ ಮಗುವನ್ನು ನೋಡುವವನು ಕೋಚ್ ತಾನೇ ಎಂಬ ಆಕ್ಷೇಪ ನಿಜ. ಆದರೆ ತಂಡಕ್ಕೆ ಆರಿಸುವವನೂ ಅವನೇ, ಅವನೆದುರು ಯಾವ ಮಗುವೂ ಬೇಡ ಅನ್ನಲಾರದು. ನಿಯಮ ಸರಿಯಾಗಿದೆ, ಎಲ್ಲ ಆಟಗಳಿಗೂ ಬರಬೇಕು. ಅಲ್ಲಿಯವರೆಗೆ ತಂದೆತಾಯಂದಿರು ಇಷ್ಟು ಮಾಡಲಿ: ಮಗಳ ಮುಟ್ಟು ನಿಂತರೆ, ಅದು ಒಳ್ಳೆಯ ತಯಾರಿಯ ಗುರುತು ಎಂದು ಯಾರೇ ಹೇಳಲಿ, ನಂಬದೆ ವೈದ್ಯರ ಬಳಿ ಕರೆದೊಯ್ಯಿರಿ.