ಕಲ್ಲುಸಾಲಿನ ಗಣಿತ, ಸೂರ್ಯನ ಸಾಕ್ಷ್ಯ: ಸಗರನಾಡಿನ ನೆಲೆಗಳ ಪರಾಮರ್ಶೆ

ಅಮೂರ್ತ ಗಣಿತವು ಭೌತಜಗತ್ತಿಗೆ ಹೇಗೆ ಹೊಂದಿಕೊಳ್ಳುತ್ತದೆ ಎಂಬ ಪ್ರಶ್ನೆ ಹಳೆಯದು. 1854ರಲ್ಲಿ ರೀಮನ್ ರೂಪಿಸಿದ ವಕ್ರದೇಶದ ಜ್ಯಾಮಿತಿಯು 1915ರಲ್ಲಿ ಐನ್‌ಸ್ಟೈನರ ಗುರುತ್ವ ಸಿದ್ಧಾಂತಕ್ಕೆ ಭಾಷೆಯಾಯಿತು. ಇಂತಹ ನಿದರ್ಶನಗಳನ್ನು ಮುಂದಿಟ್ಟುಕೊಂಡು ಯೂಜೀನ್ ವಿಗ್ನರ್ 1960ರಲ್ಲಿ ಈ ಹೊಂದಾಣಿಕೆಯನ್ನು ಒಂದು ವಿಸ್ಮಯವೆಂದೇ ಪರಿಗಣಿಸಿದರು. ಆದರೆ ಈ ವಿಸ್ಮಯಕ್ಕೆ ಇನ್ನೊಂದು ಮುಖವಿದೆ. ಗಣಿತದ ಸಂಪತ್ತು ಅಪಾರವಾದ್ದರಿಂದ, ಇಲ್ಲದ ಹೊಂದಾಣಿಕೆಯೂ ಇದ್ದಂತೆ ತೋರಬಹುದು. ಯಾದಗಿರಿ ಜಿಲ್ಲೆಯ ಶಿಲಾಸಾಲುಗಳು ಈ ಎರಡನೆಯ ಮುಖವನ್ನು ಪರೀಕ್ಷಿಸಲು ತಕ್ಕ ನೆಲೆಗಳಾಗಿವೆ.

ಶಹಾಪುರದ ಸಮೀಪದ ವಿಭೂತಿಹಳ್ಳಿ, ಸುರಪುರ ಸೀಮೆಯ ಹನಮಸಾಗರ ಮೊದಲಾದೆಡೆ ಗುಂಡುಕಲ್ಲುಗಳನ್ನು ಸಾಲುಸಾಲಾಗಿ, ಚೌಕಳಿ ಕ್ರಮದಲ್ಲಿ ಇರಿಸಲಾಗಿದೆ. ಹನಮಸಾಗರದಲ್ಲಿ ಸುಮಾರು 600 ಮೀಟರ್ ಬದಿಯ ಚೌಕದಲ್ಲಿ ಅಂದಾಜು 2500 ಕಲ್ಲುಗಳಿವೆ. ಸುರಪುರದಲ್ಲಿ ಆಡಳಿತಾಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಈ ಸೀಮೆಯ ಬೃಹತ್ ಶಿಲಾ ಅವಶೇಷಗಳತ್ತ ವಿದ್ವಾಂಸರ ಗಮನ ಸೆಳೆದನು. 1956ರಲ್ಲಿ ಎಫ್. ಆರ್. ಆಲ್ಚಿನ್ ಶಿಲಾಸಾಲುಗಳನ್ನು ಕುರಿತೇ ಪ್ರತ್ಯೇಕ ಲೇಖನ ಬರೆದರು. 2005ರಲ್ಲಿ ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್ ಹನಮಸಾಗರದ ಸಾಲುಗಳು ಮಳೆಗಾಲವನ್ನು ಮುನ್ನರಿಯುವ ಪಂಚಾಂಗದ ಸಾಧನವಾಗಿರಬಹುದೆಂದು ಸೂಚಿಸಿದರು. ನಕ್ಷೆಯೊಂದನ್ನೇ ನಂಬದೆ ಅಯನಾಂತ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳ ನೋಟವನ್ನೂ ಪರಿಗಣಿಸಿದ್ದು ಅವರ ಅಧ್ಯಯನದ ಹೆಚ್ಚುಗಾರಿಕೆ. ಅವರು ಸಾಧ್ಯತೆಯೆಂದು ಹೇಳಿದ್ದನ್ನು ಸಿದ್ಧಾಂತವೆಂದು ಭಾವಿಸುವುದು ಮಾತ್ರ ಸಲ್ಲದು.

ಒಂದು ಸರಳ ಲೆಕ್ಕವನ್ನು ನೋಡಬಹುದು. ಕ್ರಿ.ಪೂ. 1000ದ ಸುಮಾರಿನ ಕಾಲವನ್ನು ಇಟ್ಟುಕೊಂಡರೆ, ಈ ಅಕ್ಷಾಂಶದಲ್ಲಿ, ದಿಗಂತ ಸಮತಟ್ಟಾಗಿದ್ದಲ್ಲಿ, ಅಯನಾಂತದ ಸೂರ್ಯ ನೇರ ಪೂರ್ವದಿಂದ ಸುಮಾರು 25 ಡಿಗ್ರಿ ಸರಿದು ಉದಯಿಸುತ್ತಾನೆ. ದಿಕ್ಕುಗಳಿಗೆ ಸರಿಹೊಂದಿದ ಯಾವುದೇ ಚೌಕಳಿಯಲ್ಲಿ ಎರಡು ಮನೆ ಪೂರ್ವಕ್ಕೂ ಒಂದು ಮನೆ ಉತ್ತರಕ್ಕೂ ನಡೆದರೆ ದೊರೆಯುವ ರೇಖೆಯ ಕೋನ 26.6 ಡಿಗ್ರಿ. ಹದಿಮೂರು ಮನೆ ಪೂರ್ವಕ್ಕೆ, ಆರು ಮನೆ ಉತ್ತರಕ್ಕೆ ನಡೆದರೆ ಅದು 24.8 ಡಿಗ್ರಿಯಾಗುತ್ತದೆ. ಎಂದರೆ, ಕಟ್ಟಿದವರು ಸೂರ್ಯನನ್ನು ನೆನೆಯದಿದ್ದರೂ ಚೌಕಳಿಯೇ ಅಯನಾಂತದ ರೇಖೆಯನ್ನು ಒದಗಿಸುತ್ತದೆ. ಭಿನ್ನರಾಶಿಗಳು ಸಂಖ್ಯಾರೇಖೆಯಲ್ಲಿ ದಟ್ಟವಾಗಿ ಹರಡಿರುವಂತೆ, ಚೌಕಳಿ ವಿಸ್ತಾರವಾದಷ್ಟೂ ಪ್ರತಿಯೊಂದು ದಿಕ್ಕಿಗೂ ಒಂದು ಜೋಡಿ ಕಲ್ಲು ಸಿಕ್ಕೇ ಸಿಗುತ್ತದೆ. ಇದು ಗಣಿತದ ಗುಣವೇ ಹೊರತು ಕಟ್ಟಿದವರ ಉದ್ದೇಶಕ್ಕೆ ಸಾಕ್ಷ್ಯವಲ್ಲ.

ಇಲ್ಲಿ ಕೆಪ್ಲರನ ಉದಾಹರಣೆ ಬೋಧಪ್ರದವಾಗಿದೆ. 1596ರಲ್ಲಿ ಆತ ಐದು ಸಮಘನಾಕೃತಿಗಳನ್ನು ಒಂದರೊಳಗೊಂದು ಇರಿಸಿ ಆರು ಗ್ರಹಗಳ ಅಂತರವನ್ನು ವಿವರಿಸಿದನು. ಗಣಿತ ಸುಂದರವಾಗಿತ್ತು, ಆದರೆ ಪ್ರಕೃತಿ ಹಾಗಿರಲಿಲ್ಲ. ಮುಂದೆ ಟೈಕೋ ಬ್ರಾಹೆಯ ವೀಕ್ಷಣೆಗೂ ತನ್ನ ಲೆಕ್ಕಕ್ಕೂ ನಡುವೆ ಕೇವಲ 8 ಕಲೆಗಳ ವ್ಯತ್ಯಾಸ ಕಂಡಾಗ, ಆತ ವೃತ್ತವನ್ನೇ ಕೈಬಿಟ್ಟು ದೀರ್ಘವೃತ್ತಕ್ಕೆ ಬಂದನು. 1609ರ ಗ್ರಂಥ ಅದರ ಫಲ. ಮೇಲಿನ ಎರಡು-ಒಂದು ನಡೆಯ ರೇಖೆಗೂ ಸೂರ್ಯೋದಯಕ್ಕೂ ಇರುವ ವ್ಯತ್ಯಾಸ ಸುಮಾರು 100 ಕಲೆಗಳು, ಅಂದರೆ ಸೂರ್ಯಬಿಂಬದ ಅಗಲದ ಮೂರು ಪಟ್ಟಿಗೂ ಹೆಚ್ಚು.

ಹಾಗೆಂದು ಶಿಲಾಸಾಲುಗಳಿಗೆ ಖಗೋಳದ ಸಂಬಂಧವಿಲ್ಲವೆಂದು ತೀರ್ಮಾನಿಸಲಾಗದು. ಬೇರೆಬೇರೆ ಊರುಗಳ ಸಾಲುಗಳೆಲ್ಲ ಒಂದೇ ದಿಕ್ಕನ್ನು ನಿಖರವಾಗಿ ಅನುಸರಿಸುತ್ತವೆಯೇ? ವೀಕ್ಷಕನು ನಿಲ್ಲಬೇಕಾದ ಸ್ಥಳವನ್ನು ಸೂಚಿಸುವ ವಿಶೇಷ ಗುರುತುಗಳಿವೆಯೇ? ನಕ್ಷೆಯನ್ನು ಬೇರೆ ಕೋನಗಳಿಗೆ ತಿರುಗಿಸಿದಾಗಲೂ ಅಷ್ಟೇ ಹೊಂದಾಣಿಕೆಗಳು ದೊರೆಯುತ್ತವೆಯೇ? ಈ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಕಲ್ಲಿನ ಸ್ಥಾನದ ನಿಖರ ಅಳತೆ ಬೇಕು. ಉಳುಮೆಗೋ ಕಟ್ಟಡಕ್ಕೋ ಒಂದು ಕಲ್ಲು ಕದಲಿದರೆ ನಷ್ಟವಾಗುವುದು ಬರಿಯ ಕಲ್ಲಲ್ಲ, ಒಂದು ಅಳತೆ. ಗಣಿತವು ಏನೇನು ಸಾಧ್ಯವೆಂಬುದನ್ನು ಹೇಳುತ್ತದೆ. ಅವುಗಳಲ್ಲಿ ಯಾವುದು ನಿಜವೆಂಬುದನ್ನು ಹೇಳಬೇಕಾದುದು ನೆಲದ ಮೇಲಿನ ಸಾಕ್ಷ್ಯ. ಆದುದರಿಂದ ಈ ನೆಲೆಗಳ ವ್ಯಾಖ್ಯಾನಕ್ಕಿಂತ ಮೊದಲು ಅವುಗಳ ಸಂರಕ್ಷಣೆ ಮತ್ತು ಸಮಗ್ರ ಮೋಜಣಿ ನಡೆಯುವುದು ಅವಶ್ಯ.